ಮೂರು ಮನೆ ಕೆಳಗೆ

ನ್ಯಾಶ್‌ವಿಲ್‌ನಿಂದ ಹಾಡು ರೆಕಾರ್ಡ್ ಮಾಡಲು ಬರುವವರ ಟೋಪಿ ಕಂಡರೇ ನನಗೆ ಮೈ ಉರಿಯುತ್ತದೆ. ಅದು ಬಿಸಿಲಿಗೆ ಹಾಕಿಕೊಂಡದ್ದಲ್ಲ, ಮಳೆಗೂ ಅಲ್ಲ. ನಮ್ಮ ತಾತಂದಿರ ಹಾಗೆ ಕಾಣಬೇಕು ಅಂತ ಅಂಗಡಿಯಲ್ಲೇ ಮಾಸಿಸಿ, ಅಂಚು ಸವೆಸಿ ಕೊಂಡುಕೊಂಡ ಟೋಪಿ. ಪ್ರೆಸ್ಟನ್ ಅನ್ನುವವನು ಅಂಥದೊಂದನ್ನು ತಲೆಗೇರಿಸಿಕೊಂಡು, ವ್ಯಾನಿನ ತುಂಬ ರೆಕಾರ್ಡಿಂಗ್ ಸಾಮಾನು ಹೇರಿಕೊಂಡು ಅಕ್ಟೋಬರಿನ ಒಂದು ಬೆಳಿಗ್ಗೆ ಸ್ಟಿಲ್‌ಹೌಸ್ ಕಣಿವೆಗೆ ಬಂದಿಳಿದ. ಡೆಲ್ಫಿ ಅತ್ತೆಯ ಹೊಸ ಆಲ್ಬಂ ಮಾಡುವುದಕ್ಕೆ.

ಅತ್ತೆ ಅಂದರೆ ನನ್ನ ಸ್ವಂತ ಅತ್ತೆಯಲ್ಲ, ಕಣಿವೆಗೆಲ್ಲ ಅವಳು ಅತ್ತೆ. ಪೂರ್ತಿ ಹೆಸರು ಡೆಲ್ಫಿಯಾ ಸ್ಟಿಡಮ್, ವಯಸ್ಸು ಎಪ್ಪತ್ತು ದಾಟಿದೆ. ಕೆಂಟಕಿಯ ಈ ಮೂಲೆಯಲ್ಲಿ ಮದುವೆಯಿರಲಿ, ಸಾವಿರಲಿ, ಗಣಿ ಮುಷ್ಕರವಿರಲಿ, ಅದಕ್ಕೊಂದು ಅವಳ ಹಾಡು ಇದ್ದೇ ಇರುತ್ತದೆ. ದೊಡ್ಡ ದೊಡ್ಡವರು ಅವಳ ಹಾಡು ಹಾಡಿ ಬಂಗಲೆ ಕಟ್ಟಿಸಿಕೊಂಡರು. ಅವಳು ಮಾತ್ರ ಪ್ರತಿ ಬೇಸಿಗೆಯಲ್ಲೂ ಏಣಿ ಹತ್ತಿ ತನ್ನ ತಗಡಿನ ಸೂರಿಗೆ ತಾನೇ ಟಾರು ಬಳಿಯುತ್ತಾಳೆ. ಇದನ್ನು ನೆನೆಸಿಕೊಂಡು ನಾನು ಹಲ್ಲು ಕಡಿದರೆ ಅವಳಿಗೆ ನಗು.

"ಏ ಕಣಜ, ಸೂರು ನಂದು, ಟಾರು ನಂದು. ನಿಂಗ್ಯಾಕೋ ಉರಿ?"

ಮುಟ್ಟಿದರೆ ಕುಟುಕುವ ಹುಳು ಅಂತ ಅವಳು ನನಗಿಟ್ಟ ಹೆಸರು ಕಣಜ. ಅಪ್ಪ ಅಮ್ಮ ಇಟ್ಟದ್ದು ಕೋಲ್ಬಿ. ನಮ್ಮ ಮಾತಿನ ಧಾಟಿಯನ್ನು ಆಡಿಕೊಂಡು ನಗುತ್ತಿದ್ದ ಮೇಷ್ಟ್ರ ಮುಖದ ಮುಂದೆಯೇ ಬಾಗಿಲು ಒದ್ದು ಹದಿನಾರಕ್ಕೆ ಶಾಲೆ ಬಿಟ್ಟೆ. ಆಮೇಲೆ ಡೆಲ್ಫಿ ಅತ್ತೆಯ ಎಡಗಡೆ ನಿಂತು ಬೇಸ್ ನುಡಿಸಲು ಶುರುಮಾಡಿದೆ. ಬೇಸ್ ಅಂದರೆ ಆಳೆತ್ತರದ ಪಿಟೀಲು. ಅಪ್ಪಿಕೊಂಡು ನಿಂತು ಬೆರಳಿನಿಂದ ಮೀಟಬೇಕು. ಅವಳ ಬಲಗಡೆ ತಮ್ಮ ವರ್ಲಿನ್, ತಮಟೆಯಂಥ ಚರ್ಮದ ಹೊಟ್ಟೆಯ ತಂತಿವಾದ್ಯ ಬ್ಯಾಂಜೊ ಹಿಡಿದು. ಗಣಿಯಲ್ಲಿ ಮೂವತ್ತು ವರ್ಷ ದುಡಿದು ಶ್ವಾಸಕೋಶ ಅರ್ಧ ಮಾಡಿಕೊಂಡ ಮನುಷ್ಯ. ಅವನ ಪಕ್ಕ ಹೆಂಡತಿ ಓಮಾ, ಪಿಟೀಲು. ಅಷ್ಟೇ ನಮ್ಮ ತಂಡ. ಒಂದೇ ಮೈಕು, ಅದರ ಸುತ್ತ ನಾಲ್ಕು ಜನ. ಯಾರ ಸರದಿ ಬಂತೋ ಅವರು ಒಂದು ಹೆಜ್ಜೆ ಮುಂದೆ, ಉಳಿದವರು ಒಂದು ಹೆಜ್ಜೆ ಹಿಂದೆ. ನಮಗೆ ಗೊತ್ತಿರುವುದು ಇದೊಂದೇ ರೀತಿ.

ನಮ್ಮಲ್ಲಿ ಶ್ರುತಿ ಕೊಡುವುದು ಬ್ಯಾಂಜೊ. ನುಡಿಸಲು ಕೂರುವ ಮೊದಲು ಅತ್ತೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, "ಕೊಡೋ ವರ್ಲಿನ್, ನಿನ್ನ ಜಿ," ಅನ್ನುತ್ತಾಳೆ. ಜಿ ಅವಳ ಶ್ರುತಿ. ಅವಳ ಹಾಡುಗಳೆಲ್ಲ ನಿಂತಿರುವ ನೆಲ ಅದು. ವರ್ಲಿನ್ ಒಂದು ತಂತಿ ಮೀಟುತ್ತಾನೆ, ಎಲ್ಲರೂ ಅದಕ್ಕೆ ಸೇರಿಸಿಕೊಳ್ಳುತ್ತೇವೆ. ಶ್ರುತಿ ತೋರಿಸುವ ಆ ಚಿಕ್ಕ ಯಂತ್ರವನ್ನು ಅತ್ತೆ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ರೇಡಿಯೋ ಜೊತೆ ಹಾಡಿದವಳಲ್ಲ. ತನ್ನ ಹಳೇ ರೆಕಾರ್ಡು ಹಾಕಿ ಕೇಳಿದವಳೂ ಅಲ್ಲ. "ಉಗಿದ ತಂಬಾಕು ಮತ್ತೆ ಬಾಯಿಗೆ ಹಾಕ್ಕೊಳ್ಳೋ ಹಾಗೆ," ಅನ್ನುತ್ತಾಳೆ.

ಅವಳ ಹಾಡುಗಳಲ್ಲಿ ದೊಡ್ಡದು 'ದೀಪ ಕೆಳಗಿಡು'. ಅವಳ ಗಂಡ ಹರ್ಷೆಲ್ ಗಣಿ ಕೆಲಸ ಮುಗಿಸಿ ಸಂಜೆ ಹಳ್ಳದ ಆಚೆ ದಂಡೆಯಲ್ಲಿ ಬರುತ್ತಿದ್ದ. ಹಣೆಯ ಮೇಲೆ ದೀಪ ಹಾಗೇ ಇರುತ್ತಿತ್ತು. ಅವಳು ಜಗಲಿಯಲ್ಲಿ ನಿಂತು, ನೀರಿನ ಸದ್ದು ಮೀರಿ, ದೀಪ ಕೆಳಗಿಟ್ಟು ಊಟಕ್ಕೆ ಬಾ ಅಂತ ಕೂಗುತ್ತಿದ್ದಳು. ಗಣಿಯ ಚಾವಣಿ ಕುಸಿದು ಹರ್ಷೆಲ್ ಸತ್ತ ವರ್ಷ ಆ ಕೂಗನ್ನೇ ಹಾಡು ಮಾಡಿದಳು. ಕೊನೆಯಲ್ಲಿ ಬರುವ 'ಬಾ' ಅನ್ನುವ ಎತ್ತರದ ಸ್ವರ, ಜಗಲಿಯಿಂದ ಕೂಗಿದ ಅದೇ ಸ್ವರ. ಹಾಗಾಗಿ ಎಲ್ಲರೆದುರು ಒಂದು ಮಾತು ಆಡಿಬಿಟ್ಟಿದ್ದಳು: ಈ ಹಾಡನ್ನು ಜಿಯಲ್ಲಿ ಹಾಡಲು ಆಗದ ದಿನ ಗಿಟಾರನ್ನು ಗೋಡೆಗೆ ನೇತುಹಾಕುತ್ತೇನೆ, ಮತ್ತೆ ಹಾಡುವುದಿಲ್ಲ.

ಡೆಲ್ಫಿ ಅತ್ತೆ ಆಡಿದರೆ ಆಡಿದ್ದೇ. ಹಿಂದೊಮ್ಮೆ ತಲೆಕೂದಲ ವಿಷಯಕ್ಕೆ ಏನೋ ಅಂದ ದಿನಸಿ ಅಂಗಡಿಯವನ ಮೆಟ್ಟಿಲು ಹತ್ತಲ್ಲ ಅಂದವಳು, ಅವನು ಸತ್ತು ಮಗ ಬಂದು ಮೊಮ್ಮಗ ಬಂದರೂ ಹತ್ತಿಲ್ಲ. ಉಪ್ಪಿಗೂ ಪಕ್ಕದೂರಿಗೆ ಹೋಗುತ್ತಾಳೆ.

ಹನ್ನೊಂದು ಚಳಿಗಾಲದ ಹಿಂದೆ ಆ 'ಬಾ' ಹತ್ತುವಾಗ ಅಕ್ಕನ ಕತ್ತಿನ ನರ ಉಬ್ಬಿದ್ದು ವರ್ಲಿನ್‌ನ ಕಣ್ಣಿಗೆ ಬಿತ್ತು. ಅವನು ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಸಲ ಅವಳು ಶ್ರುತಿ ಕೇಳಿದಾಗ ಕೂದಲೆಳೆಯಷ್ಟು ಕೆಳಗಿನದನ್ನು ಕೊಟ್ಟ. ಮರು ಚಳಿಗಾಲ ಇನ್ನೊಂದು ಎಳೆ. ಹೀಗೆ ಇಳಿಯುತ್ತಾ ಇಳಿಯುತ್ತಾ ನಾವು ಈಗ ಹಾರ್ಮೋನಿಯಂನ ಕರಿ ಬಿಳಿ ಕೀಲಿಗಳ ಲೆಕ್ಕದಲ್ಲಿ ಮೂರು ಮನೆ ಕೆಳಗಿದ್ದೇವೆ. ಅವಳು ಜಿ ಅಂದುಕೊಂಡು ಹಾಡುತ್ತಿರುವುದು ಇ. ನಾನು ತಂಡಕ್ಕೆ ಸೇರಿದ ದಿನವೇ ವರ್ಲಿನ್ ನನ್ನ ಕಾಲರ್ ಹಿಡಿದು ಹೇಳಿದ್ದ: "ಬಾಯಿ ಬಿಟ್ಟೆಯೋ, ನಿನ್ನ ಬೇಸ್ ಒಡೆದು ಒಲೆಗೆ ಹಾಕ್ತೀನಿ." ನನ್ನ ತಂತಿಗಳು ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ಜೋಲುತ್ತಿದ್ದವು. ಬೈದುಕೊಂಡು ನುಡಿಸುತ್ತಿದ್ದೆ.

ಅತ್ತೆಗೆ ಗಂಟಲಿನ ಚಿಂತೆಯೇ ಇರಲಿಲ್ಲ. ಕೊರಗುತ್ತಿದ್ದದ್ದು ಕೈಗಳಿಗಾಗಿ. ಒಂದು ಕಾಲಕ್ಕೆ ಹೆಬ್ಬೆರಳಲ್ಲಿ ಕೆಳದನಿ, ಎರಡು ಬೆರಳಲ್ಲಿ ಮೇಲ್ದನಿ ಮೀಟಿ, ಒಬ್ಬಳೇ ಮೂವರ ಹಾಗೆ ನುಡಿಸುತ್ತಿದ್ದಳಂತೆ. ನಾನು ಬರುವ ಹೊತ್ತಿಗೆ ಅದನ್ನು ಬಿಟ್ಟಾಗಿತ್ತು. ತಂತಿ ಗೊರಗೊರ ಅನ್ನುತ್ತದೆ, ನಾದ ಬರುವುದಿಲ್ಲ, ಬೆರಳು ಸತ್ತಿವೆ ಅನ್ನುತ್ತಿದ್ದಳು. ಕರ್ಪೂರದ ಎಣ್ಣೆ ತಿಕ್ಕಿ, ಉಣ್ಣೆಯ ಕೈಗವಸು ಹಾಕಿಕೊಂಡು ಮಲಗುತ್ತಿದ್ದಳು. ತಂತಿ ಬಾರಿಸಲು ಈಗ ಪ್ಲಾಸ್ಟಿಕ್ಕಿನ ಬಿಲ್ಲೆ.

ಪ್ರೆಸ್ಟನ್ ರೆಕಾರ್ಡಿಂಗ್‌ಗೆ ಆರಿಸಿಕೊಂಡದ್ದು ಹಳ್ಳದ ಪಕ್ಕದ ಹಳೇ ಚರ್ಚು. ಭಾನುವಾರದ ಪ್ರಾರ್ಥನೆ ನಿಂತು ವರ್ಷಗಳಾಗಿದ್ದವು. ಹಲಗೆ ಗೋಡೆ, ಹಲಗೆ ನೆಲ, ಒಂದು ಕೆಮ್ಮಿದರೂ ದುಂಡಗೆ ಕೇಳುತ್ತದೆ. ಅವನು ಮೈಕು ನಿಲ್ಲಿಸುತ್ತಾ, "ಈ ಥರದ ಸಂಗೀತಕ್ಕೆ ಈಗ ಅಮೆರಿಕಾನಾ ಅಂತಾರೆ, ತುಂಬಾ ಬೇಡಿಕೆ ಇದೆ," ಅಂದ.

"ಹೌದಾ?" ಅಂದಳು ಓಮಾ, ಬುಟ್ಟಿಯಿಂದ ಹುರುಳಿಕಾಯಿ ಉಪ್ಪಿನಕಾಯಿಯ ಜಾಡಿ ತೆಗೆದಿಡುತ್ತಾ. "ನಾವು ಹಾಡು ಅಂತಿದ್ವಿ."

ನಮ್ಮ ಗ್ರಹಚಾರಕ್ಕೆ ಅವನ ಯಂತ್ರಕ್ಕೆ ಕಣ್ಣು ಕಿವಿ ಎಲ್ಲ ಇತ್ತು. ಅತ್ತೆ ವ್ಯಾನಿನ ಹತ್ತಿರ ಕಾಫಿ ಕುಡಿಯುತ್ತಿದ್ದಾಗ ಅವನು ವರ್ಲಿನ್‌ನ ಕಡೆ ತಿರುಗಿ ಕೇಳಿದ:

"ಸರ್, ಜಿ ಅಂದ್ರಿ. ಆದ್ರೆ ಇದು ಇ ತೋರಿಸ್ತಿದೆ."

ವರ್ಲಿನ್ ರೆಪ್ಪೆ ಕದಲಿಸಲಿಲ್ಲ. "ನಮ್ಮ ಕಣಿವೇಲಿ ಇದಕ್ಕೇ ಜಿ ಅನ್ನೋದು."

ಪ್ರೆಸ್ಟನ್‌ನ ಬಾಯಿ ತೆರೆದುಕೊಂಡಿತು. "ಅಂದ್ರೆ... ಹಳೇ ಪದ್ಧತಿನಾ? ಸ್ಕಾಟ್‌ಲೆಂಡಿಂದ ಬಂದೋರು ತಂದಿದ್ದಾ?"

"ಅದಕ್ಕಿಂತ ಹಳೇದು," ಅಂದ ವರ್ಲಿನ್. "ಅಕ್ಕನ ಮುಂದೆ ಮಾತ್ರ ಎತ್ತಬೇಡ. ಪವಿತ್ರ ವಿಷಯ."

ಪ್ರೆಸ್ಟನ್ ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದ. ಹೊರಗೆ ಹೋಗಿ ಒಂದು ಕಲ್ಲನ್ನು ಒದೆಯದಿದ್ದರೆ ನಾನು ಅವತ್ತು ಸಿಡಿದೇ ಹೋಗುತ್ತಿದ್ದೆ. ಇವರು ನಮ್ಮ ಬಗ್ಗೆ ಏನು ಬೇಕಾದರೂ ನಂಬುತ್ತಾರೆ, ಹಳೆಯದು ಅಂದರೆ ಸಾಕು.

ಎರಡು ದಿನ ಚೆನ್ನಾಗಿ ನಡೆಯಿತು. ನಾನು ಯಾವುದನ್ನೂ ಸುಮ್ಮಸುಮ್ಮನೆ ಹೊಗಳುವವನಲ್ಲ, ಆದರೂ ಹೇಳುತ್ತೇನೆ, ಅತ್ತೆ ಹೊಸದಾಗಿ ಕಟ್ಟಿದ್ದ ಹಾಡುಗಳು ಒಂದಕ್ಕಿಂತ ಒಂದು ಗಟ್ಟಿಯಾಗಿದ್ದವು. ಟಾರು ಬಳಿಯುವುದರ ಮೇಲೆ ಒಂದು, ಮುಚ್ಚಿದ ಗಣಿಯ ಬಾಯಲ್ಲಿ ಮರಿ ಹಾಕಿದ ನರಿಯ ಮೇಲೆ ಒಂದು. ಆಲ್ಬಂನ ಕೊನೆಗೆ 'ದೀಪ ಕೆಳಗಿಡು' ಮತ್ತೊಮ್ಮೆ ಹಾಡುವುದು ಅಂತ ತೀರ್ಮಾನವಾಗಿತ್ತು. ಅದೊಂದೇ ಉಳಿದಿತ್ತು.

ಮೂರನೇ ದಿನ ಊಟಕ್ಕೆ ಓಮಾ ಹುರುಳಿಕಾಯಿ ಬೇಯಿಸಿ ತಂದಿದ್ದಳು, ಮೆಕ್ಕೆಜೋಳದ ರೊಟ್ಟಿ, ಸೇಬಿನ ಹೂರಣ ತುಂಬಿ ಕರಿದ ಕಡುಬು. ಎಲ್ಲರೂ ಹೊಟ್ಟೆ ಬಿರಿಯ ತಿಂದು ಬೆಂಚುಗಳ ಮೇಲೆ ಒರಗಿದ್ದೆವು. ಪ್ರೆಸ್ಟನ್ ಸುಮ್ಮನಿರಲಾರದೆ ಮೂಲೆಯಲ್ಲಿದ್ದ ಗುಡ್ಡೆಯ ಹತ್ತಿರ ಹೋದ. ಹಳೇ ಕೌದಿಗಳು, ಕಿತ್ತುಹೋದ ಹಾಡಿನ ಪುಸ್ತಕಗಳು. ಕೌದಿ ಎಳೆದ. ಅಡಿಯಲ್ಲಿ ಕಾಲು ಹಾರ್ಮೋನಿಯಂ, ಕಾಲಲ್ಲಿ ತುಳಿದು ಗಾಳಿ ಊದುವ ಆ ಹಳೇ ಮರದ ಪೆಟ್ಟಿಗೆ. ಅವನು ತುಳಿದು ಒಂದು ಮನೆ ಒತ್ತಿದ. ಹಲಗೆ ಗೋಡೆಗಳೆಲ್ಲ ಗುಂಯ್ ಅಂದವು.

ಡೆಲ್ಫಿ ಅತ್ತೆ ಎದ್ದು ಕೂತಳು. "ಅಯ್ಯೋ, ಅಮ್ಮನ ಪೆಟ್ಟಿಗೆ! ಇಲಿ ತಿಂದು ಹಾಕಿದ್ವು ಅಂದಿದ್ಯಲ್ಲೋ ವರ್ಲಿನ್!"

"ತಿಂದಿರಬೇಕು," ಅಂದ ವರ್ಲಿನ್. ಅವನ ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತ್ತು.

"ತಿಂದಿದ್ರೆ ಹೀಗೆ ಕೂಗುತ್ತಾ? ಏಳಿ, ಏಳಿ. ದೀಪ ಕೆಳಗಿಡು ಹಾಡಿಗೆ ಅಮ್ಮನ ಪೆಟ್ಟಿಗೆ ಬೇಕು. ನಾನೇ ನುಡಿಸ್ತೀನಿ. ಗಿಟಾರ್ ಬೇಡ, ಹೇಗೂ ಕೈ ಸತ್ತಿದೆ, ತುಳಿಯೋಕೆ ಕಾಲು ಬದುಕಿದೆಯಲ್ಲ."

"ಅಕ್ಕ, ಧೂಳು. ಎದೆ ಹಿಡ್ಕೊಳ್ಳುತ್ತೆ."

"ನಿನ್ನ ಎದೆ ಕಣೋ ಅದು. ನಂದು ಚೆನ್ನಾಗಿದೆ."

ಓಮಾ ನನ್ನ ಮುಖ ನೋಡಿದಳು, ನಾನು ಓಮಾಳ ಮುಖ. ಬ್ಯಾಂಜೊ, ಗಿಟಾರು, ಪಿಟೀಲು, ಬೇಸು ಎಲ್ಲವನ್ನೂ ಬಿರಡೆ ತಿರುಗಿಸಿ ಇಳಿಸಬಹುದು. ಆ ಪೆಟ್ಟಿಗೆಯ ಜಿ ಮಾತ್ರ ಅವರಮ್ಮ ನುಡಿಸುತ್ತಿದ್ದಾಗ ಎಲ್ಲಿತ್ತೋ ಈಗಲೂ ಅಲ್ಲೇ ಇತ್ತು. ಅತ್ತೆ ಸ್ಟೂಲಿನ ಮೇಲೆ ಕೂತು, ಸ್ಕರ್ಟು ಸರಿಮಾಡಿಕೊಂಡು, ತುಳಿದು ಜಿ ಹಿಡಿದಳು. ತಲೆಯಲ್ಲೇ ಸನ್ನೆ ಮಾಡಿದಳು. ಬೇರೆ ದಾರಿಯಿಲ್ಲದೆ ನಾವೂ ಶುರುಮಾಡಿದೆವು.

ಒಂದೇ ಗೋಣಿಚೀಲದಲ್ಲಿ ಎರಡು ಬೆಕ್ಕು ಹಾಕಿ ಬಾಯಿ ಕಟ್ಟಿದ ಹಾಗಾಯಿತು.

ಅತ್ತೆ ಕೈ ಎತ್ತಿದಳು. "ಏನಿದು?"

"ತೇವ ಅಕ್ಕ," ಅಂದ ವರ್ಲಿನ್ ತಕ್ಷಣ. "ಹಳ್ಳದ ಪಕ್ಕ ಅಲ್ವಾ, ಪೆಟ್ಟಿಗೆ ಒಳಗೆ ತೇವ ಹೋಗಿ ಶ್ರುತಿ ಮೇಲಕ್ಕೆ ಹತ್ತಿಬಿಟ್ಟಿದೆ."

ಅವಳು ಒಂದೊಂದೇ ಮನೆ ಒತ್ತುತ್ತಾ ಈ ತುದಿಯಿಂದ ಆ ತುದಿಯವರೆಗೆ ಹೋದಳು. ಮೆಟ್ಟಿಲು ಮೆಟ್ಟಿಲಾಗಿ ನೇರ ಇತ್ತು.

"ಎಲ್ಲಾ ಮನೇನೂ ಒಂದೇ ಅಳತೆಗೆ ಮೇಲಕ್ಕೆ ಹೋಗಿವೆ. ತೇವಕ್ಕೆ ಇಷ್ಟು ಶಿಸ್ತು ಯಾವಾಗ ಬಂತೋ ವರ್ಲಿನ್?"

ಆಗ ನಮ್ಮ ಪ್ರೆಸ್ಟನ್, ಪಾಪದವನು, ಸಹಾಯ ಮಾಡಲು ಬಾಯಿ ಹಾಕಿದ. "ಮೇಡಂ, ಪೆಟ್ಟಿಗೆ ಸರಿಯಾಗೇ ಇದೆ. ನಿಮ್ಮ ಕಣಿವೆಯ ಪ್ರಾಚೀನ ಜಿ ಬೇರೆ ಅಲ್ವಾ, ಅದಕ್ಕೆ ಹೊಂದ್ತಿಲ್ಲ ಅಷ್ಟೇ."

"ನಮ್ಮ ಕಣಿವೆಯ ಏನು?"

ಅವಳು ಸ್ಟೂಲಿನಲ್ಲೇ ತಿರುಗಿ ಒಬ್ಬೊಬ್ಬರನ್ನೇ ನೋಡಿಕೊಂಡು ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದಳು.

"ಕಣಜ. ಈ ಕೋಣೇಲಿ ಸುಳ್ಳು ಹೇಳೋ ತಾಳ್ಮೆ ಇಲ್ಲದೋನು ನೀನೊಬ್ಬನೇ. ಹೇಳು."

ವರ್ಲಿನ್ ನನ್ನನ್ನು ನೋಡುತ್ತಿದ್ದ. ಒಲೆಗೆ ಹಾಕುವುದಿದ್ದರೆ ಹಾಕಲಿ ಅನ್ನಿಸಿತು.

"ಮೂರು ಮನೆ ಕೆಳಗಿದೀವಿ ಅತ್ತೆ. ನೀವು ಹಾಡ್ತಿರೋದು ಜಿ ಅಲ್ಲ, ಇ. ಹನ್ನೊಂದು ವರ್ಷದಿಂದ ವರ್ಲಿನ್ ಸ್ವಲ್ಪ ಸ್ವಲ್ಪವೇ ತಂತಿ ಸಡಿಲ ಮಾಡ್ಕೊಂಡು ಬಂದಿದಾನೆ. ನಿಮ್ಮ ಗಂಟಲು ತಡೀಲಿ ಅಂತ."

ಓಮಾ ಕಣ್ಣು ಮುಚ್ಚಿಕೊಂಡಳು. "ಮುಗೀತು," ಅಂತ ಅವಳ ತುಟಿ ಅಂದದ್ದು ನನಗೆ ಕಾಣಿಸಿತು. ಗೋಡೆಯಲ್ಲಿ ಒಂದು ದಪ್ಪ ಮೊಳೆ ಇತ್ತು. ಹಿಂದೆ ಅವತ್ತಿನ ಹಾಡುಗಳ ಸಂಖ್ಯೆ ತೋರಿಸುವ ಹಲಗೆಯನ್ನು ಅದಕ್ಕೆ ತೂಗುಹಾಕುತ್ತಿದ್ದರು. ನಮ್ಮೆಲ್ಲರ ಕಣ್ಣೂ ಬೇಡ ಬೇಡ ಅಂದರೂ ಅತ್ತಲೇ ಹೋಗುತ್ತಿತ್ತು.

ಅತ್ತೆ ಮೊಳೆಯ ಕಡೆ ನೋಡಲಿಲ್ಲ. ಎರಡೂ ಕೈ ಮುಂದೆ ಚಾಚಿ ಬೆರಳುಗಳನ್ನು ನೋಡಿಕೊಂಡಳು.

"ತಂತಿ ಸಡಿಲ," ಅಂದಳು ಮೆಲ್ಲಗೆ. "ಅದಕ್ಕೇ ಗೊರಗೊರ ಅಂತಿತ್ತು."

"ಅಕ್ಕ..."

"ಅದಕ್ಕೇ ನಾದ ಬರ್ತಿರಲಿಲ್ಲ! ಲೋ ವರ್ಲಿನ್! ಐದು ವರ್ಷ ಉಣ್ಣೆ ಗವಸು ಹಾಕ್ಕೊಂಡು ಮಲಗಿದೀನಿ ಕಣೋ! ಕರ್ಪೂರದ ವಾಸನೆಗೆ ಬೆಕ್ಕು ಮನೆ ಬಿಟ್ಟು ಹೋಯ್ತು! ನನ್ನ ಕೈ ಸತ್ತೋಯ್ತು ಅಂತ ಅಮ್ಮ ಸತ್ತಾಗ ಅತ್ತ ಹಾಗೆ ಅತ್ತಿದೀನಿ!"

"ನಿನ್ನ ಗಂಟಲು ಉಳೀಲಿ ಅಂತ ಅಕ್ಕ. ನೀನು ನಿಲ್ಲಿಸಿಬಿಟ್ರೆ ಅಂತ..."

"ಗಂಟಲು ಉಳಿಸೋಕೆ ಕೈ ಕತ್ತರಿಸಿದೆ. ಭಾರಿ ವೈದ್ಯ!"

ವರ್ಲಿನ್ ತಲೆ ತಗ್ಗಿಸಿ ಬ್ಯಾಂಜೊದ ಚರ್ಮ ಸವರುತ್ತಾ ನಿಂತ. ಎಪ್ಪತ್ತರ ಮುದುಕ, ಜಾಮು ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಯಾರಿಗೂ ಸಡಿಲ ತಂತಿಯನ್ನೂ ಅವಳ ಬೆರಳುಗಳನ್ನೂ ಸೇರಿಸಿ ನೋಡಲು ಹೊಳೆದಿರಲಿಲ್ಲ. ಎಲ್ಲರೂ ಅವಳ ಗಂಟಲನ್ನೇ ಕಾಯುತ್ತಾ ಕೂತಿದ್ದೆವು.

ಅತ್ತೆ ಗಿಟಾರ್ ತೆಗೆದುಕೊಂಡು ಪೆಟ್ಟಿಗೆಯ ಸ್ವರಕ್ಕೆ ಒಂದೊಂದೇ ತಂತಿ ಬಿಗಿಯತೊಡಗಿದಳು. ಬಿರಡೆಗಳು ಕಿರ್ ಕಿರ್ ಅಂದವು. ಸಣ್ಣ ತಂತಿ ಕಿತ್ತು ಕಣ್ಣಿಗೆ ಹೊಡೆಯುತ್ತದೆ ಅಂತ ಓಮಾ ಮುಖಕ್ಕೆ ಕೈ ಅಡ್ಡ ಹಿಡಿದಳು. ಕಿತ್ತುಬರಲಿಲ್ಲ. ಅತ್ತೆ ಪ್ಲಾಸ್ಟಿಕ್ ಬಿಲ್ಲೆಯನ್ನು ಬೆಂಚಿನ ಕೆಳಗೆ ಎಸೆದಳು. ಹೆಬ್ಬೆರಳು ಇಟ್ಟಳು.

ನಾಲ್ಕು ವರ್ಷ ಅವಳ ಪಕ್ಕ ನಿಂತಿದ್ದೆ, ಅದನ್ನು ಕೇಳಿರಲಿಲ್ಲ. ಕೆಳಗೆ ಹೆಬ್ಬೆರಳು ಗಣಿಗಾಡಿ ಹಳಿಯ ಮೇಲೆ ಹೋಗುವ ಹಾಗೆ ಒಂದೇ ಸಮನೆ ಉರುಳುತ್ತಿತ್ತು. ಮೇಲೆ ಎರಡು ಬೆರಳು ಕೋಳಿ ಕಾಳು ಹೆಕ್ಕಿದ ಹಾಗೆ ಅಲ್ಲೊಂದು ಇಲ್ಲೊಂದು. ಮೊದಲು ತಡವರಿಸಿತು, ಎರಡು ಕಡೆ ತಪ್ಪಿತು. ಆಮೇಲೆ ದಾರಿ ಸಿಕ್ಕಿತು. ಅವಳ ಬಾಯಿ ಅರ್ಧ ತೆರೆದಿತ್ತು. ಕಳೆದುಹೋದ ಕರು ತಾನೇ ಕೊಟ್ಟಿಗೆಗೆ ಬಂದು ನಿಂತದ್ದನ್ನು ನೋಡುವವರ ಮುಖ ಅದು.

ಹಾಗೇ ನುಡಿಸುತ್ತಾ ಹಾಡಿಗೆ ಬಂದಳು. ನಿಜವಾದ ಜಿಯಲ್ಲಿ.

"ಅಕ್ಕ, ಬೇಡ," ಅಂದ ವರ್ಲಿನ್.

ಮೊದಲ ಚರಣ ಹೋಯಿತು, ಎರಡನೆಯದೂ ಹೋಯಿತು. 'ದೀಪ ಕೆಳಗಿಡು, ಮಸಿ ತೊಳೆದುಕೋ, ಹೊತ್ತು ಹೋಯಿತು' ಅಂತ ಹತ್ತುತ್ತಾ ಹತ್ತುತ್ತಾ ಆ 'ಬಾ' ಬಂತು. ಒಣಗಿದ ಹಲಗೆ ಸೀಳಿದ ಹಾಗೆ ದನಿ ನಡುವೆ ಸೀಳಿತು. ಅರ್ಧ ಎಲ್ಲೋ, ಅರ್ಧ ಇನ್ನೆಲ್ಲೋ.

ಗಿಟಾರ್ ನಿಂತಿತು. ಹೊರಗೆ ಹಳ್ಳದ ನೀರಿನ ಸದ್ದು ಕೇಳುತ್ತಿತ್ತು.

ಅವಳು ಎದ್ದಳು. ಗಿಟಾರ್ ಹಿಡಿದುಕೊಂಡು ನೇರ ಮೊಳೆಯ ಹತ್ತಿರ ಹೋದಳು. ಓಮಾ, "ಅತ್ತಿಗೆ, ನಿಮ್ಮ ದಮ್ಮಯ್ಯ," ಅಂದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಪೆಟ್ಟಿಗೆಯ ಮೇಲೆ, ಟೋಪಿಯ ಮೇಲೆ, ನಿಜ ಹೇಳಿದ ನನ್ನ ಬಾಯಿಯ ಮೇಲೆ.

ಅತ್ತೆ ಮೊಳೆಯನ್ನು ಬೆರಳಿನಿಂದ ಅಲುಗಿಸಿ ನೋಡಿದಳು. ಗಟ್ಟಿಯಾಗಿತ್ತು. ಅಲ್ಲೇ ಪಕ್ಕದ ಕಿಟಕಿಯಿಂದ ಅವಳ ಮನೆ ಕಾಣುತ್ತದೆ, ಮನೆಯ ಹಿಂದಿನ ದಿಬ್ಬದಲ್ಲಿ ಹರ್ಷೆಲ್‌ನ ಗೋರಿಯೂ. ಅದನ್ನೇ ನೋಡುತ್ತಾ ನಿಂತಳು.

"ಆಗ ಹರ್ಷೆಲ್ ಹಳ್ಳದ ಆಚೆ ಇರ್ತಿದ್ದ," ಅಂದಳು. "ನೀರು ಜೋರಿರ್ತಿತ್ತು. ಕೂಗದಿದ್ರೆ ಕೇಳ್ತಿರಲಿಲ್ಲ. ಈಗ ಮನೆ ಹಿಂದೇನೇ ಮಲಗಿದಾನೆ. ನಾನು ಪಾತ್ರೆ ತೊಳೆದ್ರೂ ಅವನಿಗೆ ಕೇಳುತ್ತೆ. ಅಷ್ಟು ಹತ್ರ ಇರೋ ಗಂಡನ್ನ ಗಂಟಲು ಹರ್ಕೊಂಡು ಯಾರಾದ್ರೂ ಕರೀತಾರಾ?"

ಕಿಟಕಿಯ ಗಾಜಿನ ಧೂಳನ್ನು ತೋಳಿನಿಂದ ಒರೆಸಿದಳು.

"ಹನ್ನೊಂದು ವರ್ಷದಿಂದ ಮೆಲ್ಲಗೇ ಕರ್ದಿದೀನಿ, ನಂಗೇ ಗೊತ್ತಿಲ್ದೆ. ಅವನೇನೂ ತಕರಾರು ಮಾಡಿಲ್ಲ." ತಿರುಗಿ ನೋಡಿದಳು. ಕಣ್ಣು ಒದ್ದೆಯಾಗಿತ್ತು, ಬಾಯಲ್ಲಿ ತುಂಟತನ. "ಆದ್ರೆ ಏನಾದ್ರೂ ನೇತುಹಾಕ್ಲೇಬೇಕು, ಎಲ್ಲರ ಮುಂದೆ ಆಡಿದ ಮಾತು. ವರ್ಲಿನ್, ತಾರೋ ಇಲ್ಲಿ ನಿನ್ನ ಬ್ಯಾಂಜೊ."

"ನಂದಾ?"

"ತಪ್ಪು ಮಾಡಿದ್ದು ಅದೇ ತಾನೇ? ತಾ."

ಕೈಯಿಂದ ಕಸಿದುಕೊಂಡು ಮೊಳೆಗೆ ಹಾಕಿಯೇಬಿಟ್ಟಳು. ಬ್ಯಾಂಜೊ ಗೋಡೆಯ ಮೇಲೆ ಒಂದು ಸಲ ತೂಗಾಡಿ ಸುಮ್ಮನಾಯಿತು.

"ಮತ್ತೆ ನಾನು?" ಅಂದ ವರ್ಲಿನ್, ಖಾಲಿ ಕೈ ಎಲ್ಲಿಡಬೇಕು ಅಂತ ತಿಳಿಯದೆ.

"ಅಮ್ಮನ ಪೆಟ್ಟಿಗೆ ಹತ್ರ ಕೂತ್ಕೋ. ಅಮ್ಮ ನಿಂಗೂ ಕಲಿಸಿದ್ಲಲ್ಲ. ಅದನ್ನ ಸಡಿಲ ಮಾಡೋಕೆ ನಿಂಗೆ ಆಗಲ್ಲ."

ಓಮಾಗೆ ಮೊದಲು ನಗು ಬಂತು. ಆಮೇಲೆ ಎಲ್ಲರಿಗೂ. ಪ್ರೆಸ್ಟನ್ ಮಾತ್ರ ಯಂತ್ರದ ಹಿಂದೆ ನಿಂತು ಕಣ್ಣು ಪಿಳುಕಿಸುತ್ತಿದ್ದ. "ಹಾಗಾದ್ರೆ ಆ ಪ್ರಾಚೀನ ಜಿ..."

"ಹನ್ನೊಂದು ವರ್ಷದಷ್ಟು ಪ್ರಾಚೀನ, ಮಗಾ," ಅಂದಳು ಓಮಾ.

ಅವನು ಟೋಪಿ ತೆಗೆದು ಅದರಿಂದಲೇ ಮುಖ ಮುಚ್ಚಿಕೊಂಡು ನಕ್ಕ. ಟೋಪಿಯ ಕೆಳಗೆ ತಲೆ ನುಣ್ಣಗೆ ಹೊಳೆಯುತ್ತಿತ್ತು. ಪಾಪ, ಬಿಸಿಲಿಗೇ ಹಾಕಿಕೊಳ್ಳುತ್ತಿದ್ದನೋ ಏನೋ. ಆಮೇಲೆ ಅಳುಕುತ್ತಾ, ಇಷ್ಟು ಹೊತ್ತೂ ಯಂತ್ರ ನಿಲ್ಲಿಸಿರಲಿಲ್ಲ, ಆ ಸೀಳಿದ 'ಬಾ' ಕೂಡ ಒಳಗಿದೆ, ಅಳಿಸಿಬಿಡಲಾ ಅಂತ ಕೇಳಿದ.

"ಯಾಕೆ ಅಳಿಸ್ತೀಯ?" ಅಂದಳು ಅತ್ತೆ. "ಅದೂ ನಾನೇ. ಇರಲಿ, ಮುಂದೆ ಹಾಕು. ಅದರ ಹಿಂದೆ ಈಗ ಹಾಡೋದು ಬರಲಿ."

ನಾವು ತಂತಿಗಳನ್ನೆಲ್ಲ ಇರಬೇಕಾದ ಕಡೆಗೆ ಬಿಗಿದುಕೊಂಡೆವು. ನನ್ನ ಬೇಸ್ ಮೊದಲ ಸಲ ಎದೆಗೆ ಒದ್ದು ಮಾತಾಡಿತು. ಅತ್ತೆ ಈ ಸಲ ಗೊತ್ತಿದ್ದೇ ಸರಿಯಾದ ಇ ಹಿಡಿದಳು, ಬಿಗಿದ ದಪ್ಪ ತಂತಿಯನ್ನು ಬೆರಳಿಂದ ಒತ್ತದೆ ತುಂಬು ನಾದಕ್ಕೆ ಬಿಟ್ಟು. ವರ್ಲಿನ್ ಕರಿ ಮನೆಗಳು ಜಾಸ್ತಿ ಅಂತ ಗೊಣಗುತ್ತಾ ತುಳಿದ. ಅವಳು ಹಾಡಿದಳು, ಕೂಗಲಿಲ್ಲ. ಊಟಕ್ಕೆ ತಟ್ಟೆ ಹಾಕಿ, ಪಕ್ಕದ ಕೋಣೆಯಲ್ಲಿರುವವನನ್ನು ಕರೆಯುವ ಹಾಗೆ 'ಬಾ' ಅಂದಳು. ಒಂದೇ ಸಲಕ್ಕೆ ಮುಗಿಯಿತು. ಎರಡನೇ ಸಲ ಹಾಡಿಸಲು ಯಾರಿಗೂ ಮನಸ್ಸಾಗಲಿಲ್ಲ.

ಆಲ್ಬಂ ವಸಂತದಲ್ಲಿ ಬಂತು. ರಟ್ಟಿನ ಮೇಲೆ ಹಲಗೆ ಗೋಡೆ, ಮೊಳೆ, ಬ್ಯಾಂಜೊ. ರಟ್ಟಿನ ಮೇಲೆ ಬ್ಯಾಂಜೊ ಇದೆ, ಕೊನೇ ಹಾಡಿನಲ್ಲಿ ಯಾಕಿಲ್ಲ ಅಂತ ಯಾರಾದರೂ ಕೇಳಿದರೆ ಅತ್ತೆ, "ಆಗ ಅದು ಶಿಕ್ಷೆ ಅನುಭವಿಸ್ತಿತ್ತು," ಅನ್ನುತ್ತಾಳೆ. ಉಣ್ಣೆಯ ಕೈಗವಸನ್ನು ಕ್ರಿಸ್‌ಮಸ್‌ಗೆ ಕಾಗದದಲ್ಲಿ ಸುತ್ತಿ ವರ್ಲಿನ್‌ಗೇ ಕೊಟ್ಟಳು.

ಪೆಟ್ಟಿಗೆಯನ್ನು ನನ್ನ ಟ್ರಕ್ಕಿನಲ್ಲಿ ಹೇರಿ ಅವಳ ಮನೆಯ ಮುಂದಿನ ಕೋಣೆಗೆ ತಂದಿಟ್ಟಿದ್ದೇವೆ. ಶನಿವಾರ ಸಂಜೆ ನುಡಿಸಲು ಕೂತಾಗ ಅವಳು ಈಗಲೂ ಗಿಟಾರ್ ತೊಡೆಯ ಮೇಲಿಟ್ಟುಕೊಂಡು, "ಕೊಡೋ ವರ್ಲಿನ್," ಅನ್ನುತ್ತಾಳೆ. ಶಿಕ್ಷೆ ಮುಗಿಸಿ ಬಂದ ಬ್ಯಾಂಜೊದ ತಂತಿಯನ್ನು ಅವನು ಮೀಟುತ್ತಾನೆ. ಅವಳು ಎದ್ದು ಹೋಗಿ, ಒಂದು ಕಾಲಲ್ಲಿ ತುಳಿದು, ಅಮ್ಮನ ಪೆಟ್ಟಿಗೆಯ ಒಂದು ಮನೆ ಒತ್ತಿ, ತಮ್ಮನ ಮುಖ ನೋಡುತ್ತಾ ಕಿವಿಗೊಡುತ್ತಾಳೆ. ಎರಡೂ ದನಿ ಒಂದಾಗುವವರೆಗೂ ಅವನು ಉಸಿರು ಬಿಡುವುದಿಲ್ಲ.